ಇನ್ನೊಂದು ಕೆನ್ನೆ ತೋರಿಸೋದು ಅಂದ್ರೆ ಕೇಸ್ ವಾಪಸ್ ತಗೊಳ್ಳೋದಾ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಉಪಕಾಲುವೆಯ ಕೆಳಭಾಗದಲ್ಲಿ ಮೂರು ಎಕರೆ ಇದೆ. ಕಳೆದ ತಿಂಗಳು ನಮ್ಮ ಪಾಳಿಯ ರಾತ್ರಿ ಮೇಲಿನ ಹೊಲದವರು ನೀರು ತಿರುಗಿಸಿಕೊಂಡರು. ಕೇಳಲು ಹೋದ ಅಣ್ಣನ ತಲೆಗೆ ಸಲಿಕೆ ಕಾವಿನಿಂದ ಹೊಡೆದರು. ಎಂಟು ಹೊಲಿಗೆ ಬಿದ್ದವು. ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಈಗ ಊರ ಹಿರಿಯರು ‘ಆಸ್ಪತ್ರೆ ಖರ್ಚು ಕೊಡಿಸ್ತೀವಿ, ಕೇಸ್ ವಾಪಸ್ ತಗೊಳ್ಳಿ’ ಅನ್ನುತ್ತಿದ್ದಾರೆ. ನಮ್ಮ ಪಾಸ್ಟರ್ ‘ಇನ್ನೊಂದು ಕೆನ್ನೆ ತೋರಿಸಬೇಕು’ ಅಂತಾರೆ. ಚಿಕ್ಕಪ್ಪನ ಮಕ್ಕಳು ‘ಒಂದು ರಾತ್ರಿ ಸಾಕು, ನಾವೂ ನೋಡ್ಕೋತೀವಿ’ ಅಂತಾರೆ. ಊರಲ್ಲಿ ನಮ್ಮ ಕ್ರೈಸ್ತರ ಮನೆ ಕೆಲವೇ. ನಮ್ಮ ಧರ್ಮ ನಮಗೆ ಹೇಡಿಗಳಾಗಿ ಅಂತ ಹೇಳುತ್ತಾ? ಹೊಡೆದಾಟ ಬಿಟ್ಟು ಬೇರೆ ದಾರಿ ಇದೆಯಾ?

ಉತ್ತರ:

ಮೊದಲು ಅಣ್ಣನ ವಿಷಯ. ಹೊಲಿಗೆ ಬಿಚ್ಚಿದ ಮೇಲೂ ತಲೆನೋವು ಜಾಸ್ತಿ ಆಗುತ್ತಿದ್ದರೆ, ವಾಂತಿ, ಮಂಪರು, ಮರೆವು ಕಂಡರೆ ತಡ ಮಾಡದೆ ಮತ್ತೆ ಡಾಕ್ಟರ್‌ಗೆ ತೋರಿಸಿ. ಆಸ್ಪತ್ರೆಯ ಚೀಟಿಗಳು, ಗಾಯದ ಪ್ರಮಾಣಪತ್ರ ಜೋಪಾನ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆಯಾಗಿ ಕೊಡಬೇಕು. ಇನ್ನೂ ತಗೊಂಡಿಲ್ಲ ಅಂದ್ರೆ ನಾಳೆಯೇ ಹೋಗಿ ಕೇಳಿ.

ಇನ್ನು ಪಾಸ್ಟರ್ ಹೇಳಿದ ಮಾತು. ಅದು ಮತ್ತಾಯ 5ನೇ ಅಧ್ಯಾಯದ್ದು. ಅಲ್ಲಿ ಯೇಸು ಬರೀ ಕೆನ್ನೆ ಅನ್ನುವುದಿಲ್ಲ, ಬಲಗೆನ್ನೆ ಅನ್ನುತ್ತಾರೆ. ಎದುರಿಗೆ ನಿಂತವನು ಬಲಗೈಯಿಂದ ನಿಮ್ಮ ಬಲಗೆನ್ನೆಗೆ ಹೊಡೆಯಬೇಕಾದರೆ ಹಿಂಗೈ ಬೀಸಬೇಕು. ಆಳಿಗೆ, ಗುಲಾಮನಿಗೆ ಹೊಡೆಯುವ ಪೆಟ್ಟು ಅದು. ನೋವಿಗಿಂತ ಅವಮಾನ ಜಾಸ್ತಿ. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಯೆಹೂದ್ಯರ ಕಾನೂನು ಸಂಗ್ರಹ ಮಿಶ್ನಾದಲ್ಲಿ ಅಂಗೈ ಏಟಿಗೆ 200 ಜೂಜ್ (ಆಗಿನ ಬೆಳ್ಳಿ ನಾಣ್ಯ) ದಂಡ, ಹಿಂಗೈ ಏಟಿಗೆ 400. ಇಂಥ ಏಟು ತಿಂದವನು ಓಡಿಹೋಗದೆ, ತಿರುಗಿ ಹೊಡೆಯದೆ, ಎಡಗೆನ್ನೆ ಮುಂದೆ ಮಾಡಿದರೆ ಏನರ್ಥ? ‘ಹೊಡೆಯೋದಾದ್ರೆ ಸಮಾನನಿಗೆ ಹೊಡೆದ ಹಾಗೆ ಹೊಡಿ’ ಅಂತ. ವಾಲ್ಟರ್ ವಿಂಕ್ ಎಂಬ ಅಮೆರಿಕದ ಪಂಡಿತರು ಈ ಓದನ್ನು ಹೆಚ್ಚು ಪ್ರಚಾರಕ್ಕೆ ತಂದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಹಾಗಾಗಿ ಅದೊಂದರ ಮೇಲೆ ನಾನು ಭಾರ ಹಾಕುವುದಿಲ್ಲ. ನನಗೆ ಇದಕ್ಕಿಂತ ಗಟ್ಟಿಯಾಗಿ ಕಾಣುವುದು ಯೋಹಾನ 18. ಯೇಸುವನ್ನು ಹಿಡಿದು ಮಹಾಯಾಜಕನ ಮುಂದೆ ನಿಲ್ಲಿಸಿದ್ದಾರೆ. ಉತ್ತರ ಕೊಟ್ಟ ರೀತಿ ಸರಿಯಿಲ್ಲ ಅಂತ ಪಕ್ಕದಲ್ಲಿದ್ದ ಕಾವಲಿನವನು ಕೆನ್ನೆಗೆ ಬಾರಿಸುತ್ತಾನೆ. ಆಗ ಬೋಧನೆ ಮಾಡಿದ ಯೇಸುವೇ ಇನ್ನೊಂದು ಕೆನ್ನೆ ಕೊಟ್ಟರಾ? ಇಲ್ಲ. ನಾನು ತಪ್ಪು ಮಾತಾಡಿದ್ದರೆ ತಪ್ಪೇನು ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆದೆ ಅಂತ ಕೇಳಿದರು. ಕೈ ಎತ್ತಲಿಲ್ಲ, ಬಾಯಿ ಮುಚ್ಚಲೂ ಇಲ್ಲ. ನಿಮ್ಮ ಅಣ್ಣ ಪೊಲೀಸರ ಮುಂದೆ ಕೇಳಿದ್ದೂ ಇದೇ ಪ್ರಶ್ನೆ ಅಲ್ವಾ? ಯಾಕೆ ಹೊಡೆದೆ?

ಕ್ರೈಸ್ತರು ಕೋರ್ಟಿಗೆ ಹೋಗಬಾರದು ಅಂತ 1 ಕೊರಿಂಥ 6ನ್ನು ಯಾರಾದರೂ ಓದಿ ತೋರಿಸಬಹುದು. ಅಲ್ಲಿ ಅಪೊಸ್ತಲ ಪೌಲ ಬೈದದ್ದು ಒಂದೇ ಸಭೆಯ ವಿಶ್ವಾಸಿಗಳು ತಮ್ಮತಮ್ಮಲ್ಲೇ ವ್ಯಾಜ್ಯ ಆಡಿ ಹೊರಗಿನವರ ಮುಂದೆ ನಿಂತದ್ದಕ್ಕೆ. ಫಿಲಿಪ್ಪಿ ಪಟ್ಟಣದಲ್ಲಿ ತನ್ನನ್ನು ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿ, ಬೆಳಗಾದ ಮೇಲೆ ಗುಟ್ಟಾಗಿ ಬಿಟ್ಟುಬಿಡುತ್ತೇವೆ ಅಂದಾಗ ಅದೇ ಪೌಲ ಜಗ್ಗಲಿಲ್ಲ. ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಅಂತ ಪಟ್ಟು ಹಿಡಿದ. ಬಂದರು, ಬೇಡಿಕೊಂಡರು. ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಆಮೇಲೆ ಚಕ್ರವರ್ತಿಯ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿದವನೂ ಅವನೇ. ದೂರು ಕೊಟ್ಟದ್ದರಿಂದ ನಿಮ್ಮ ವಿಶ್ವಾಸಕ್ಕೆ ಏನೂ ಕುಂದಿಲ್ಲ.

ಚಿಕ್ಕಪ್ಪನ ಮಕ್ಕಳಿಗೆ ಏನು ಹೇಳೋಣ? ಸಿಟ್ಟು ಬಂದದ್ದು ತಪ್ಪು ಅಂತ ನಾನು ಹೇಳಲಾರೆ. ಯೇಸುವಿನ ಶಿಷ್ಯ ಪೇತ್ರನಿಗೂ ಬಂದಿತ್ತು. ಕತ್ತಿ ತೆಗೆದು ಮಹಾಯಾಜಕನ ಆಳಿನ ಕಿವಿ ಕತ್ತರಿಸಿದ. ಕತ್ತಿ ಒರೆಗೆ ಹಾಕು ಅಂತ ಗದರಿದ ಯೇಸು ಆ ಆಳಿನ ಕಿವಿ ವಾಸಿ ಮಾಡಿದರು ಅಂತ ಲೂಕ ಬರೆಯುತ್ತಾನೆ. ಹಿಡಿಯಲು ಬಂದವನ ಕಿವಿ ಅದು, ನೆನಪಿರಲಿ. ಪೇತ್ರನ ಕತ್ತಿ ಕಸಿದಾಗಲೇ ಕ್ರಿಸ್ತನು ಎಲ್ಲ ಸೈನಿಕರ ಸೊಂಟಪಟ್ಟಿ ಬಿಚ್ಚಿದ ಅಂತ ತೆರ್ತುಲ್ಲಿಯನ್ ಅನ್ನುವ ಆಫ್ರಿಕಾದ ಹಳೆಯ ಬರಹಗಾರ ಹೇಳಿದ್ದಾನೆ.

ಹಾಗಂತ ಕ್ರೈಸ್ತರು ಯಾವತ್ತೂ ಶಾಂತಿವಂತರಾಗಿದ್ದರು ಅಂತ ಹೇಳಿದರೆ ಅದು ಸುಳ್ಳು. 4ನೇ ಶತಮಾನದಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದಿಂದ ಸಭೆ ಅರಮನೆಗೆ ಹತ್ತಿರವಾಯಿತು. ಅಗಸ್ಟೀನ್ ಯುದ್ಧಕ್ಕೂ ನ್ಯಾಯದ ಷರತ್ತುಗಳನ್ನು ಹುಡುಕಿದ. 1099ರಲ್ಲಿ ಶಿಲುಬೆ ಹೊತ್ತವರೇ ಜೆರುಸಲೇಮಿನಲ್ಲಿ ಹೆಣಗಳ ರಾಶಿ ಹಾಕಿದರು. 1994ರಲ್ಲಿ ರುವಾಂಡದಲ್ಲಿ ಆಶ್ರಯ ಬೇಡಿ ಚರ್ಚ್‌ಗಳೊಳಗೆ ಬಂದವರನ್ನು ಅಲ್ಲೇ ಕೊಂದರು. ಕೊಂದವರೂ ಬಹುಪಾಲು ಕ್ರೈಸ್ತರೇ. ಬೈಬಲ್ ಕೈಯಲ್ಲಿದ್ದರೆ ಸಾಲದು ಅನ್ನುವುದಕ್ಕೆ ಇಷ್ಟು ಸಾಕು.

ಆ ಹುಡುಗರಿಗೆ ಧರ್ಮದ ಮಾತು ಇಳಿಯದಿದ್ದರೆ ಲೆಕ್ಕದ ಮಾತು ಹೇಳಿ. ಇಂದು ನಿಮ್ಮ ಅಣ್ಣ ಪೆಟ್ಟು ತಿಂದವನು. ನಾಳೆ ಈ ಹುಡುಗರು ಆ ಕಡೆಯ ಒಬ್ಬನ ಕೈ ಮುರಿದರೆ ಪ್ರತಿದೂರು ಬೀಳುತ್ತದೆ, ಎರಡೂ ಕೇಸು ತಕ್ಕಡಿಯಲ್ಲಿ ಸಮ ಆಗುತ್ತವೆ. ಸಲಿಕೆ ಯಾರು ಮೊದಲು ಎತ್ತಿದರು ಅನ್ನುವುದನ್ನು ಯಾರೂ ಕೇಳುವುದಿಲ್ಲ. ನಿಮ್ಮವು ಕೆಲವೇ ಮನೆ ಬೇರೆ. ಸೇಡು ತಿರುಗಿ ಬರುವಾಗ ಹುಡುಗರನ್ನು ಹುಡುಕುವುದಿಲ್ಲ, ಬೆಳಿಗ್ಗೆ ನಾಟಿಗೆ ಹೋಗುವ ಹೆಂಗಸರನ್ನು, ಪ್ರಾರ್ಥನಾ ಮಂದಿರವನ್ನು ಹುಡುಕುತ್ತದೆ. ನಿಮಗೆ ಹತ್ತಿರದ ಮರಕುಂಬಿ ಗೊತ್ತಲ್ಲ, ಗಂಗಾವತಿ ತಾಲ್ಲೂಕಿನದು. 2014ರ ಆಗಸ್ಟ್‌ನಲ್ಲಿ ಅಲ್ಲಿ ಗುಂಪು ಕಟ್ಟಿಕೊಂಡು ದಲಿತರ ಕೇರಿಗೆ ನುಗ್ಗಿದರು, ಹೊಡೆದರು, ಮನೆಗಳಿಗೆ ಬೆಂಕಿ ಹಚ್ಚಿದರು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ಜಿಲ್ಲಾ ನ್ಯಾಯಾಲಯ 101 ಜನರನ್ನು ತಪ್ಪಿತಸ್ಥರು ಅಂದಿತು. 98 ಜನರಿಗೆ ಜೀವಾವಧಿ. ಆಮೇಲೆ ಹೈಕೋರ್ಟಿನಲ್ಲಿ ಹಲವರಿಗೆ ಜಾಮೀನು ಸಿಕ್ಕಿತು, ಆ ಮಾತು ಬೇರೆ. ನಿಮ್ಮ ಹುಡುಗರನ್ನು ಆ ಗುಂಪಿಗೆ ಹೋಲಿಸುತ್ತಿಲ್ಲ. ಪೆಟ್ಟು ತಿಂದವರು ನೀವು. ಆದರೆ ‘ಒಂದು ರಾತ್ರಿ ಸಾಕು’ ಅನ್ನುವ ಮಾತಿನ ಉದ್ದ ಎಷ್ಟು ಅಂತ ಅವರಿಗೆ ಗೊತ್ತಿರಲಿ.

ಇನ್ನು ಊರ ಹಿರಿಯರು. ಇಲ್ಲಿ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಕಟ್ಟೆಯ ಮೇಲೆ ಕೂತ ಕೂಡಲೇ ‘ಒಂದೇ ಕೈಯಿಂದ ಚಪ್ಪಾಳೆ ಆಗಲ್ಲ’ ಅನ್ನುತ್ತಾರೆ. ಚಪ್ಪಾಳೆಗೆ ಎರಡು ಕೈ ಬೇಕು, ನಿಜ. ಕಪಾಳಕ್ಕೆ ಒಂದೇ ಸಾಕಲ್ವಾ? ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಓಡಿತು ಅಂತ ಅಪ್ಪನಿಗೆ 25,000 ರೂಪಾಯಿ ದಂಡ ಹೇಳಿದ್ದೂ ಊರ ಪಂಚಾಯ್ತಿಯೇ. ಗುಡಿ ಶುದ್ಧಿ ಮಾಡಬೇಕು ಅಂತ ಕಾರಣ ಕೊಟ್ಟರು. ಪೊಲೀಸರು ಬಂದು ಬಂಧಿಸಿದ ಮೇಲೆ ಅದು ಅಪರಾಧ ಅಂತ ತಿಳಿಯಿತು. ಬಲ ಇಲ್ಲದವನ ಬಾಯಿ ಮುಚ್ಚಿಸಿ ತಂದ ಶಾಂತಿಗೆ ಬೈಬಲ್ಲಿನಲ್ಲಿ ಮರ್ಯಾದೆ ಇಲ್ಲ. ಸಮಾಧಾನವೇ ಇಲ್ಲದಾಗ ಸಮಾಧಾನ, ಸಮಾಧಾನ ಅನ್ನುವವರನ್ನು ಪ್ರವಾದಿ ಯೆರೆಮೀಯ ಬೈಯುತ್ತಾನೆ. ಗಾಯವನ್ನು ಮೇಲೆ ಮೇಲೆ ವಾಸಿ ಮಾಡಿದರು ಅನ್ನುತ್ತಾನೆ.

ಆದರೂ ಮಾತುಕತೆ ಬೇಡ ಅಂತ ನಾನು ಹೇಳುವುದಿಲ್ಲ. ಮತ್ತಾಯ 18ರಲ್ಲಿ ಇದಕ್ಕೊಂದು ಕ್ರಮವೇ ಇದೆ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಸಭೆಯ ಒಳಗಿನವರಿಗೆ ಹೇಳಿದ ಕ್ರಮ ಇದು, ಹೊರಗಿನವರಿಗೂ ಎಷ್ಟೋ ಒಪ್ಪುತ್ತದೆ. ನಿಮ್ಮ ವಿಷಯದಲ್ಲಿ ಒಂದು ತಿದ್ದುಪಡಿ: ಅಣ್ಣ ಒಬ್ಬನೇ ಹೋಗುವುದು ಬೇಡವೇ ಬೇಡ. ಒಮ್ಮೆ ಒಬ್ಬನೇ ಹೋಗಿ ತಲೆ ಒಡೆಸಿಕೊಂಡಾಗಿದೆ. ಎರಡನೇ ಮೆಟ್ಟಿಲಿನಿಂದಲೇ ಶುರು ಮಾಡಿ.

ಕೂಡಿಸುವವರು ಯಾರು? ಮೂವರು ಸಾಕು. ಒಬ್ಬರು ನಿಮ್ಮವರು, ಒಬ್ಬರು ಅವರವರು, ಮೂರನೆಯವರು ಎರಡೂ ಕಡೆ ಸಾಲ, ನೆಂಟಸ್ತನ ಇಲ್ಲದ ಹೊರಗಿನವರು. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲೂ ಸಮುದಾಯ ಮಧ್ಯಸ್ಥಿಕೆಗೆ ಮೂವರ ಫಲಕ, ಎಲ್ಲರ ಮುಂಗಡ ಒಪ್ಪಿಗೆ ಅಂತ ಬರೆದಿದ್ದಾರೆ. ಆ ಕಾಯ್ದೆಯಲ್ಲಿ ಮೊದಲು ಜಾರಿಗೆ ಬಂದ ಕಲಂಗಳಲ್ಲಿ ಈ ಭಾಗ ಇರಲಿಲ್ಲ. ಆದರೂ ಯೋಚನೆ ಚೆನ್ನಾಗಿದೆ, ತಗೊಳ್ಳಿ.

ಎಲ್ಲಿ ಕೂಡುವುದು ಅನ್ನುವುದೇ ಅರ್ಧ ಕೆಲಸ. ಚರ್ಚ್ ಬೇಡ, ಗುಡಿ ಕಟ್ಟೆ ಬೇಡ, ದೊಡ್ಡವರ ಪಡಸಾಲೆಯಂತೂ ಬೇಡ. ಸರ್ಕಾರಿ ಶಾಲೆಯ ವರಾಂಡ ಒಳ್ಳೆಯದು. ಇಂಥ ಸಭೆಗಳಲ್ಲಿ ನಾನು ಮೊದಲು ನೋಡುವುದು ಕುರ್ಚಿ ಮತ್ತು ಚಹಾ. ಒಂದು ಕಡೆಯವರಿಗೆ ಪ್ಲಾಸ್ಟಿಕ್ ಕುರ್ಚಿ, ಇನ್ನೊಂದು ಕಡೆಯವರು ಮೆಟ್ಟಿಲ ಮೇಲೆ ಕುಕ್ಕುರುಗಾಲು. ಒಬ್ಬರಿಗೆ ಸ್ಟೀಲ್ ಲೋಟ, ಇನ್ನೊಬ್ಬರಿಗೆ ಕಾಗದದ ಕಪ್ಪು. ಹಾಗಿದ್ದರೆ ತೀರ್ಪು ಆಗಲೇ ಆಗಿಹೋಗಿದೆ ಅಂತ ಲೆಕ್ಕ. ಎಲ್ಲರೂ ಜಮಖಾನೆ ಮೇಲೆ ಕೂತುಕೊಳ್ಳಿ. ಎಲ್ಲರಿಗೂ ಒಂದೇ ಥರದ ಕಪ್ಪು ತರಿಸಿ.

ಮೊದಲು ಮಾತಾಡುವವನು ಪೆಟ್ಟು ತಿಂದವನು. ಅವನು ಮುಗಿಸುವ ತನಕ ಯಾರೂ ಅಡ್ಡ ಬಾಯಿ ಹಾಕಬಾರದು. ಆಮೇಲೆ ಹೊಡೆದವನು ತನ್ನ ಸಮರ್ಥನೆ ಶುರು ಮಾಡುವ ಮುಂಚೆ, ನಿಮ್ಮ ಅಣ್ಣ ಏನು ಹೇಳಿದ ಅನ್ನುವುದನ್ನು ತನ್ನ ಬಾಯಿಂದ ಒಮ್ಮೆ ಹೇಳಬೇಕು. ‘ರಾತ್ರಿ ನೀನು ಟಾರ್ಚ್ ಹಿಡಕೊಂಡು ಬಂದೆ, ನೀರು ಯಾಕೆ ನಿಂತಿತು ಅಂತ ಕೇಳಿದೆ, ನಾನು ಕಾವು ಬೀಸಿದೆ.’ ಕೇಳಲು ಸುಲಭ. ಹೇಳುವಾಗ ದೊಡ್ಡ ದೊಡ್ಡವರ ಗಂಟಲೂ ಕಟ್ಟುತ್ತದೆ. ನಿಮ್ಮ ಅಣ್ಣನೂ ಅವನ ಮಾತನ್ನು ಹಾಗೆಯೇ ತಿರುಗಿ ಹೇಳಬೇಕು. ಹೆಂಗಸರನ್ನೂ ಕರೆಯಿರಿ. ನಾಟಿ ಗುಂಪಿನಲ್ಲಿ ಎರಡೂ ಮನೆಯವರು ಒಂದೇ ಗದ್ದೆಯಲ್ಲಿ ಬಗ್ಗಿರುತ್ತಾರೆ. ಗಂಡಸರು ಮಾತು ಬಿಟ್ಟರೂ ಅವರು ಬಿಟ್ಟಿರುವುದಿಲ್ಲ.

ಕ್ಷಮೆ ಕೇಳುವುದರಲ್ಲೂ ಸಡಿಲ ಬಿಡಬೇಡಿ. ‘ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ’ ಅನ್ನುವುದು ಸುಮ್ನೆ ಬಾಯುಪಚಾರ. ಏನು ಮಾಡಿದೆ, ಯಾರಿಗೆ ಮಾಡಿದೆ, ಈಗ ಏನು ಕೊಡುತ್ತೇನೆ, ಈ ಮೂರೂ ಬರಬೇಕು. ತೆರಿಗೆ ವಸೂಲಿಯ ಜಕ್ಕಾಯ ಅತ್ತುಕೊಂಡು ಕೂರಲಿಲ್ಲ. ಅನ್ಯಾಯವಾಗಿ ಕಿತ್ತುಕೊಂಡದ್ದಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ. ನಿಮ್ಮ ಲೆಕ್ಕದಲ್ಲಿ ಆಸ್ಪತ್ರೆ ಖರ್ಚಿನ ಜೊತೆ ಅಣ್ಣನ ಕೂಲಿ ಹೋದ ದಿನಗಳೂ, ಒಣಗಿದ ಬೆಳೆಯೂ ಸೇರಬೇಕು.

ಇದು ಬರೀ ಪುಸ್ತಕದ ಮಾತಲ್ಲ. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಸಣ್ಣ ಊರಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಆಸ್ತಿಪಾಸ್ತಿ ಹಾಳು ಮಾಡಿದರು. ಅವರ ಉಸ್ತುವಾರಿ ಅಧಿಕಾರಿ ಮೆನ್ನೊನೈಟ್ ಪಂಗಡದವರು. ಆಯುಧ ಮುಟ್ಟುವುದಿಲ್ಲ ಅನ್ನುವ ಪಂಗಡ ಅದು. ನಿಮ್ಮ ಗಡಿಯಾಚೆ ಗದ್ವಾಲ್, ಮಹಬೂಬ್‌ನಗರದ ಕಡೆಯೂ ಆ ಮೂಲದ ಸಭೆಗಳಿವೆ. ಈ ಹುಡುಗರು ನಷ್ಟ ಆದವರನ್ನು ಎದುರಾಎದುರು ನೋಡಲಿ ಅಂತ ಆ ಅಧಿಕಾರಿ ನ್ಯಾಯಾಧೀಶರಿಗೆ ಸಲಹೆ ಕೊಟ್ಟರು. ನ್ಯಾಯಾಧೀಶರು ಒಪ್ಪಿದರು. ಹುಡುಗರು ಒಂದೊಂದೇ ಬಾಗಿಲು ತಟ್ಟಿ, ನಾವೇ ಮಾಡಿದ್ದು ಅಂದರು. ಅಧಿಕಾರಿಗಳು ಹಿಂದೆ ನೋಟ್‌ಬುಕ್ ಹಿಡಿದು ನಿಂತಿದ್ದರು. ಕೆಲವು ತಿಂಗಳಲ್ಲಿ ನಷ್ಟ ಕಟ್ಟಿಕೊಟ್ಟರು. ಪೆಟ್ಟು ತಿಂದವನಿಗೂ ಹೊಡೆದವನಿಗೂ ಎದುರಾಎದುರು ಮಾತಾಡುವ ಅವಕಾಶ ಕೊಡುವ ಪದ್ಧತಿ ಅಲ್ಲಿಂದ ಎಷ್ಟೋ ದೇಶಗಳಿಗೆ ಹಬ್ಬಿತು. ಗಮನಿಸಿ, ನ್ಯಾಯಾಲಯ ಅಲ್ಲಿ ಪಕ್ಕಕ್ಕೆ ಸರಿಯಲಿಲ್ಲ. ಅದರ ಆದೇಶದ ಕೆಳಗೇ ಇದೆಲ್ಲ ನಡೆಯಿತು. ನಮ್ಮ ದೇಶದಲ್ಲೂ 1964ರಲ್ಲಿ ನಾಗಾಲ್ಯಾಂಡಿನ ಬ್ಯಾಪ್ಟಿಸ್ಟ್ ಸಭೆಗಳು ಮುಂದೆ ಬಿದ್ದು, ಜಯಪ್ರಕಾಶ ನಾರಾಯಣರಂಥವರನ್ನು ಕರೆಸಿ ಸರ್ಕಾರಕ್ಕೂ ನಾಗಾ ಬಂಡುಕೋರರಿಗೂ ನಡುವೆ ಕದನ ವಿರಾಮ ತಂದವು. ಅದು ಬಹಳ ವರ್ಷ ಬಾಳಲಿಲ್ಲ. ಆದರೆ ಬಂದೂಕಿನವರೂ ಸರ್ಕಾರದವರೂ ಒಂದೇ ಕಡೆ ಕೂತದ್ದು ಸಭೆಯವರ ಮಾತಿಗೆ.

ಹಾಗಾದ್ರೆ ಕೇಸಿನ ಗತಿ? ಕ್ಷಮೆಯೂ ಕೇಸೂ ಒಟ್ಟಿಗೆ ನಡೆಯಬಹುದು. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆ ಅಂದರು, ಕುಷ್ಠರೋಗಿಗಳ ಸೇವೆ ಬಿಡದೆ ಇನ್ನೂ ಕೆಲವು ವರ್ಷ ಅಲ್ಲೇ ಉಳಿದರು. ಕೇಸು ತನ್ನ ದಾರಿಯಲ್ಲಿ ನಡೆದು 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆ ಎತ್ತಿಹಿಡಿಯಿತು. ನಿಮ್ಮ ಕೇಸಿನಲ್ಲಿ ಯಾವ ಕಲಂ ಹಾಕಿದ್ದಾರೆ ಅನ್ನುವುದು ಮುಖ್ಯ. ಸಣ್ಣ ಗಾಯದ ಕಲಂಗಳಲ್ಲಿ ರಾಜಿಗೆ ಕಾನೂನೇ ದಾರಿ ಬಿಟ್ಟಿದೆ. ಕೊಲೆ ಯತ್ನದಂಥವು ಕಟ್ಟೆಯ ಮೇಲೆ ಮುಗಿಯುವುದಿಲ್ಲ. ರಾಜಿ ಆಗುವುದೇ ಆದರೆ ಹಣ ಕೈಗೆ ಬಂದ ಮೇಲೆ, ಲೋಕ ಅದಾಲತ್‌ನಲ್ಲಿ, ವಕೀಲರ ಮುಂದೆ ಆಗಲಿ. ಬಿಳಿ ಹಾಳೆಗೆ ಯಾರೇ ಹೇಳಿದರೂ ಸಹಿ ಬೇಡ. ವಕೀಲರಿಗೆ ದುಡ್ಡಿಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ ಅದು. ಒಂದು ಕಹಿ ಸತ್ಯ: 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ, ಸಿಖ್, ಬೌದ್ಧರನ್ನು ಬಿಟ್ಟು ಬೇರೆ ಧರ್ಮದವರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಬರುವುದಿಲ್ಲ. ನಿಮ್ಮದು ದಲಿತ ಮೂಲದ ಕುಟುಂಬವಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆ ನಿಮಗೆ ಸಿಗುತ್ತದಾ ಅಂತ ವಕೀಲರನ್ನು ನೇರವಾಗಿ ಕೇಳಿ.

ಈಗ ನೀರಿಗೆ ಬರೋಣ. ಮನಸ್ಸುಗಳು ಒಂದಾದರೂ ತೂಬು ಹಾಗೇ ಇದ್ದರೆ ಮುಂದಿನ ಬೇಸಿಗೆಯಲ್ಲಿ ಮತ್ತೆ ಸಲಿಕೆ ಏಳುತ್ತದೆ. ತುಂಗಭದ್ರಾ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ನಿಲ್ಲುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸು. ಎಡದಂಡೆಯನ್ನು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆ ಅಂತ ಯೋಚಿಸಿ ಕಟ್ಟಿದ್ದು. ಮೇಲ್ಭಾಗದಲ್ಲಿ ಭತ್ತ ಬಂತು, ಅಕ್ರಮ ಪೈಪು ಬಂದವು. ಕೆಳಭಾಗಕ್ಕೆ ಗಾಳಿ ಬಂತು. ನಿಮ್ಮ ಅಣ್ಣನಿಗೆ ಹೊಡೆದವನೂ ತನ್ನ ಮೇಲಿನವನಿಂದ ಅರ್ಧ ನೀರು ಕಳಕೊಂಡವನೇ ಇರಬಹುದು. ಅದರಿಂದ ಅವನ ತಪ್ಪು ಕಡಿಮೆ ಆಗುವುದಿಲ್ಲ. ಆದರೆ ಇಬ್ಬರೂ ಸೇರಿ ಅರ್ಜಿ ಹಿಡಿದು ಹೋಗಬೇಕಾದ ಬಾಗಿಲು ಒಂದೇ, ನೀರಾವರಿ ಇಲಾಖೆಯದು.

ಆದಿಕಾಂಡ 26ರಲ್ಲಿ ಇಸಾಕನ ಕಥೆ ಇದೆ. ಬಾವಿ ತೋಡಿದ ಕೂಡಲೇ ಅಲ್ಲಿನವರು ‘ನೀರು ನಮ್ಮದು’ ಅಂತ ಜಗಳಕ್ಕೆ ಬರುತ್ತಾರೆ. ಇನ್ನೊಂದು ತೋಡುತ್ತಾನೆ, ಅಲ್ಲೂ ಜಗಳ. ಮೂರನೆಯದಕ್ಕೆ ಯಾರೂ ಬರುವುದಿಲ್ಲ. ಶಾಂತಿಪ್ರಿಯ ಇಸಾಕ ಅಂತ ಪ್ರಸಂಗಗಳಲ್ಲಿ ಹೊಗಳುತ್ತಾರೆ. ಇಸಾಕನಿಗೆ ಸರಿದು ಹೋಗಲು ಬಯಲಿತ್ತು. ಮೂರು ಎಕರೆಯವರು ಎಲ್ಲಿಗೆ ಸರಿಯುವುದು? ನನಗೆ ಆ ಕಥೆಯ ಕೊನೆ ಇಷ್ಟ. ಇಸಾಕನನ್ನು ಅಟ್ಟಿದ ಅಲ್ಲಿನ ರಾಜ ಅಬೀಮೆಲೆಕನೇ ಬರುತ್ತಾನೆ. ನನ್ನನ್ನು ದ್ವೇಷಿಸಿ ಹೊರಗೆ ಹಾಕಿದವರು ಈಗ ಯಾಕೆ ಬಂದಿರಿ ಅಂತ ಇಸಾಕ ಮುಖಕ್ಕೇ ಕೇಳುತ್ತಾನೆ. ಆಮೇಲೆ ಊಟ ಹಾಕಿಸುತ್ತಾನೆ. ಬೆಳಿಗ್ಗೆ ಇಬ್ಬರೂ ಪ್ರಮಾಣ ಮಾಡುತ್ತಾರೆ. ಪ್ರಶ್ನೆ ಮೊದಲು, ಊಟ ಆಮೇಲೆ.

ಪಾಳಿ ಪಟ್ಟಿಯನ್ನು ಬರೆದು, ಎರಡೂ ಕಡೆಯವರ ಸಹಿ ಹಾಕಿಸಿ, ತೂಬಿನ ಹತ್ತಿರ ಬಣ್ಣದಲ್ಲಿ ಬರೆಸಿ. ಪಾಳಿ ಬದಲಾಗುವ ಹೊತ್ತಿಗೆ ಎರಡೂ ಕಡೆಯ ಒಬ್ಬೊಬ್ಬರು ಅಲ್ಲಿರಲಿ. ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ನ ಫೋನ್ ನಂಬರ್ ಎಲ್ಲರ ಹತ್ತಿರ ಇರಲಿ.

ಅವರು ಮಾತುಕತೆಗೇ ಬರದಿದ್ದರೆ? ‘ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ’ ಎಲ್ಲರ ಜೊತೆ ಸಮಾಧಾನದಿಂದಿರಿ ಅಂತ ಪೌಲ ರೋಮಾಪುರದವರಿಗೆ ಬರೆದ. ಎರಡು ಷರತ್ತು ಇಟ್ಟೇ ಬರೆದ. ನಿಮ್ಮ ಪಾಲಿನದು ಮಾಡಿದ ಮೇಲೆ ಕೇಸು ನಡೆಯಲಿ.

ನಿಮ್ಮ ಪಾಸ್ಟರ್‌ಗೂ ಒಂದು ಕೆಲಸ ಹೇಳುತ್ತೇನೆ. 1984ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮೆನ್ನೊನೈಟರ ವಿಶ್ವ ಸಮ್ಮೇಳನ ನಡೆದಾಗ ರಾನ್ ಸೈಡರ್ ಎಂಬ ಬೋಧಕರು ಅವರಿಗೆ ಖಾರವಾಗಿಯೇ ಕೇಳಿದರು: ಸೈನಿಕರು ಯುದ್ಧಕ್ಕಾಗಿ ಪ್ರಾಣ ಕೊಡುತ್ತಾರೆ, ಶಾಂತಿಗಾಗಿ ನೀವು ಎಷ್ಟು ಅಪಾಯ ಎದುರಿಸುತ್ತೀರಿ? ಅಲ್ಲಿಂದ ಹುಟ್ಟಿದ ತಂಡಗಳು ಪ್ಯಾಲೆಸ್ತೀನಿನ ಹೆಬ್ರಾನ್‌ನಂಥ ಊರುಗಳಿಗೆ ಹೋಗಿ, ಹೆದರಿದವರ ಪಕ್ಕ ಬರಿಗೈಲಿ ನಿಂತವು. ಮುಂದಿನ ಪಾಳಿಯ ರಾತ್ರಿ ಪಾಸ್ಟರ್ ನಿಮ್ಮ ಅಣ್ಣನ ಜೊತೆ ತೂಬಿನ ತನಕ ಬರಲಿ. ಮೇಲಿನ ಹೊಲದವರ ಪರಿಚಯದವರೊಬ್ಬರನ್ನೂ ಕರೆತಂದರೆ ಇನ್ನೂ ಒಳ್ಳೆಯದು. ಒಂದು ದಿನ ಮುಂಚೆಯೇ ಪೊಲೀಸರಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ತಗೊಳ್ಳಿ. ಎಲ್ಲರ ಕೈಯಲ್ಲೂ ಟಾರ್ಚ್ ಇರಲಿ, ಸಲಿಕೆ ಮನೆಯಲ್ಲಿರಲಿ.